ಕಾಣೆಯಾದವನಲ್ಲ, ಕಾಣೆ ಮಾಡಲಾದವನು

ಕನ್ಹಪುರ, ಬರ್ದಿಯಾ
ಮಂಗ್ಸೀರ್ ೧೮, ವಿಕ್ರಮ ಸಂವತ್ ೨೦೭೯

ಪ್ರೀತಿಯ ಲಹನಿಯಾ ಅಕ್ಕ,

ನಿನ್ನ ತಮ್ಮನ ಹೆಂಡತಿ ಜಗರಾನಿ ಕಾಲುಮುಟ್ಟಿ ನಮಸ್ಕರಿಸುತ್ತಿದ್ದೇನೆ. ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಕೊಯ್ಲು ಮುಗಿಯುವ ಹೊತ್ತಿಗೆ ಕಾಡಿನಿಂದ ಆನೆ ಇಳಿದು ತೆಂಕಲ ಗದ್ದೆಯನ್ನು ತುಳಿದು ಹಾಕಿತು. ಉಳಿದದ್ದನ್ನು ಬಡಿದು ಒಳಗೆ ಹಾಕಿಕೊಂಡಿದ್ದೇವೆ. ನಿನ್ನ ಅಮ್ಮನ ಮೊಣಕಾಲು ಚಳಿಗೆ ಹಿಡಿದುಕೊಳ್ಳುತ್ತದೆ, ಆದರೆ ಊಟ ಚೆನ್ನಾಗಿ ಮಾಡುತ್ತಾಳೆ. ಹೋದ ವಾರ ಫೋನ್ ಮಾಡಿ ಬರೀ ಭತ್ತದ ಮಾತಾಡಿ ಇಟ್ಟೆನಲ್ಲ, ಆವತ್ತು ಹೇಳಲು ಹೊರಟಿದ್ದು ಬೇರೆ. ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನಮ್ಮ ಥಾರು ಮಾತಿನಲ್ಲೇ.

ನಾನು ಬರೆಯುವ ತರಗತಿಗೆ ಹೋಗುತ್ತಿದ್ದೆ ಎಂಬುದು ನಿನಗೆ ಗೊತ್ತು. ಓದು ಬರಹ ಮೊದಲೇ ಕಲಿತಿದ್ದೆವು. ಇದು ಕಚೇರಿಗೆ ಬರೆಯುವ ನೇಪಾಳಿ. ಸಂತೆಯಲ್ಲಿ ನಾವು ಮಾತಾಡುವ ನೇಪಾಳಿಗೂ ಅದಕ್ಕೂ ನಂಟೇ ಇಲ್ಲ. ಕಲಿಸುವವರು ಶಾಲೆಯ ಅಂಬಿಕಾ ಮಿಸ್, ಬೆಟ್ಟದ ಕಡೆಯವರು. ಮೊದಲ ದಿನ ಎಲ್ಲರ ಕೈಲೂ ವಾರ್ಡ್ ಅಧ್ಯಕ್ಷರಿಗೆ ಒಂದು ಅರ್ಜಿ ಬರೆಸಿದರು. ಪಕ್ಕದ ಮನೆಯ ಸೋಮ್ನಿ, ‘ಏ ಅಧ್ಯಕ್ಷ, ನೀನು ಬಂದು ನಮ್ಮ ಬೋರಿಂಗ್ ಪಂಪು ಸರಿಮಾಡು’ ಎಂದು ಬರೆದಿದ್ದಳು. ನಮ್ಮ ಮಾತಿನಲ್ಲಿ ಎಲ್ಲರೂ ‘ನೀನು’ ತಾನೆ?

ಮಿಸ್ ತಲೆ ಚಚ್ಚಿಕೊಂಡರು. “ಅಯ್ಯೋ ಸೋಮ್ನಿ, ಇದನ್ನ ಓದಿದ್ರೆ ಅಧ್ಯಕ್ಷರು ಕುರ್ಚಿಯಿಂದ ಬಿದ್ದೋಗ್ತಾರೆ.”

“ಬೀಳ್ಲಿ ಬಿಡಿ ಮಿಸ್. ಕೆಳಗ್ ಬಿದ್ರೆ ರಸ್ತೆ ಗುಂಡಿನಾದ್ರೂ ಕಣ್ಣಿಗ್ ಕಾಣುತ್ತೆ!”

ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ ನನಗೆ. ಆಮೇಲೆ ನಿಧಾನಕ್ಕೆ ಕಲಿತೆವು. ಮಾನ್ಯರೇ ಎಂದು ಶುರುಮಾಡುವುದು, ವಿಷಯವನ್ನು ಒಂದು ಸಾಲಿನಲ್ಲಿ ಹೇಳುವುದು, ದೊಡ್ಡವರಿಗೆ ಕ್ರಿಯಾಪದವನ್ನು ಉದ್ದ ಮಾಡುವುದು, ಬೇಡಿಕೊಳ್ಳದೆ ಕೇಳುವುದು. ಈ ಕೊನೆಯದು ನನಗೆ ಬಹಳ ಕಷ್ಟವಾಯಿತು.

ನಾನು ಹೋದದ್ದು ಯಾಕೆ ಅಂತ ನಿನಗೆ ಹೇಳಿರಲಿಲ್ಲ. ಇಷ್ಟು ವರ್ಷ ನಮ್ಮ ಅರ್ಜಿಗಳನ್ನೆಲ್ಲ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಕೂರುವ ಬರಹಗಾರನೇ ಬರೆಯುತ್ತಿದ್ದ. ಪ್ರತಿ ಸಲ ಒಂದೇ ಸಾಲು: ಯುದ್ಧದ ಕಾಲದಲ್ಲಿ ಕಾಣೆಯಾದ ವ್ಯಕ್ತಿಯ ಪತ್ನಿ. ಆ ಸಾಲನ್ನು ನನ್ನ ಕೈಯಲ್ಲೇ ತಿದ್ದಬೇಕೆಂದು ಹೋದೆ. ಒಂದು ದಿನ ತರಗತಿಯಲ್ಲಿ ಎದ್ದು ಕೇಳಿಯೇಬಿಟ್ಟೆ.

“ಮಿಸ್, ಕಾಣೆಯಾದ ಅಂದ್ರೆ ಅವ್ನೇ ಎಲ್ಗೋ ಹೋದ ಹಾಗಲ್ವಾ? ಎಮ್ಮೆ ಕಾಣೆಯಾಗುತ್ತೆ. ಅವ್ನನ್ನ ಸೈನ್ಯದೋರು ನಾಟಿ ಗದ್ದೆಯಿಂದ ಎಳ್ಕೊಂಡ್ ಹೋದ್ರು. ಕೈಯಲ್ಲಿ ಇನ್ನೂ ಸಸಿ ಕಟ್ಟು ಇತ್ತು. ನಾನ್ ಬದುವಿನ್ ಮೇಲೇ ನಿಂತಿದ್ದೆ.”

ಮಿಸ್ ಎದ್ದು ಸೀಮೆಸುಣ್ಣ ತೆಗೆದುಕೊಂಡರು. ಹಲಗೆಯ ಮೇಲೆ ಎರಡು ಮಾತು ಬರೆದರು. ಕಾಣೆಯಾದವರು. ಕಾಣೆ ಮಾಡಲಾದವರು. “ಎರಡನೇದ್ರಲ್ಲಿ ಮಾಡಿದೋರ ಹೆಸರಿಲ್ಲ. ಆದ್ರೆ ಯಾರೋ ಮಾಡಿದಾರೆ ಅಂತ ಇದೆ. ನಿಮಗ್ ಬೇಕಾಗಿರೋದು ಇದು” ಎಂದರು.

ಆವತ್ತೇ ಅರ್ಜಿ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಅವನ ಹೆಸರು ಬೇಕಿತ್ತು. ಮದುವೆಯಾದಾಗಿನಿಂದ ನಾನು ಆ ಹೆಸರು ಹೇಳಿದವಳಲ್ಲ, ಬರೆದವಳೂ ಅಲ್ಲ. ಪೆನ್ನು ಅಲ್ಲೇ ನಿಂತುಬಿಟ್ಟಿತು. “ನಾನ್ ಬರ್ದುಕೊಡ್ಲಾ?” ಎಂದಳು ಸೋಮ್ನಿ. “ನನ್ ಗಂಡ ಅಲ್ವಲ್ಲ, ನಂಗೇನ್ ನಾಚ್ಕೆ.” ಬೇಡವೆಂದೆ. ಜೋಖನ್ ಎಂದು ಬರೆದೆ, ಥಾರು ಎಂದು ಬರೆದೆ. ಬರೆದ ಮೇಲೆ ಅದನ್ನೇ ನೋಡುತ್ತ ಕೂತಿದ್ದೆ, ಉಳಿದವರು ಎದ್ದು ಹೋಗುವ ತನಕ.

ಕಚೇರಿಯ ಗುಮಾಸ್ತ ಹುಡುಗುವಯಸ್ಸಿನವನು. ಓದಿ, “ಕಾಣೆಯಾದ ಅಂತಾನೇ ಬರೀಬೋದಿತ್ತಲ್ಲಮ್ಮ, ಎರಡೂ ಒಂದೇ” ಎಂದ.

“ಒಂದೇ ಆದ್ರೆ ನಾನ್ ಬರ್ದಿದ್ದೇ ಇರ್ಲಿ ಬಿಡಿ ಸಾರ್.”

ಅವನು ಭುಜ ಕುಣಿಸಿ ಮೊಹರು ಒತ್ತಿದ. ಮನೆಗೆ ಬರುವ ದಾರಿಯಲ್ಲಿ ಸಾಸಿವೆ ಹೊಲದ ನಡುವೆ ಒಬ್ಬಳೇ ಜೋರಾಗಿ ಮಾತಾಡಿಕೊಂಡು ಬಂದೆ, ಅಕ್ಕ. ಅವನಿಗೆ ಏನೋ ಒಂದು ಮಾಡಿದೆ ಅನ್ನಿಸಿತ್ತು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮಗಳು ಸುನೈನಾಗೆ ನರ್ಸಿಂಗ್ ಸೇರಲು ಪೌರತ್ವದ ಪತ್ರ ಬೇಕಿತ್ತು. ಅದೇ ಗುಮಾಸ್ತ ಹೇಳಿದ: “ಅಪ್ಪನ್ನ ಕರ್ಕೊಂಡ್ ಬನ್ನಿ. ಇಲ್ಲಾಂದ್ರೆ ಮರಣದ ದಾಖಲೆ ತನ್ನಿ.”

“ಅರ್ಜಿ ಕೊಟ್ಟಿದೀನಲ್ಲ ಸಾರ್, ಕಾಣೆ ಮಾಡಿದಾರೆ ಅಂತ.”

“ಕೊಟ್ಟಿದೀರಿ, ನಾನೇ ಮೊಹರು ಹಾಕಿದೀನಿ. ಆದ್ರೆ ಇಲ್ಲಿ ಎರಡೇ ಇರೋದು. ಇದಾರೆ, ಇಲ್ಲಾಂದ್ರೆ ಸತ್ತಿದಾರೆ. ನಾನೇನ್ ಮಾಡ್ಲಿ ಹೇಳಿ?”

ತಾಯಿಯ ಹೆಸರಿನಲ್ಲೇ ಕೊಡಬಹುದು ಎಂದು ಮಿಸ್ ಹೇಳಿದರು. ಜಿಲ್ಲೆಗೆ ಹೋದೆವು. ಅಲ್ಲಿಂದ ವಾರ್ಡಿಗೆ ಕಳಿಸಿದರು, ವಾರ್ಡಿನಿಂದ ಮತ್ತೆ ಜಿಲ್ಲೆಗೆ. ಸುನೈನಾ ಒಂದು ಸಲವೂ ನನ್ನನ್ನು ಒತ್ತಾಯಿಸಲಿಲ್ಲ. “ಹೋಗ್ಲಿ ಬಿಡಮ್ಮ, ಮುಂದಿನ್ ವರ್ಷ ಸೇರ್ಕೊಂಡ್ರಾಯ್ತು” ಎಂದಳು. ಹೋದ ವರ್ಷವೂ ಹಾಗೇ ಅಂದಿದ್ದಳು. ಅವನನ್ನು ಕರೆದೊಯ್ದಾಗ ಅವಳಿನ್ನೂ ನನ್ನ ಹೊಟ್ಟೆಯಲ್ಲಿದ್ದಳು. ಅಪ್ಪನನ್ನೇ ನೋಡದ ಮಗು ಅಪ್ಪನಿಗಾಗಿ ಇನ್ನೆಷ್ಟು ವರ್ಷ ಮನೆಯಲ್ಲಿ ಕೂರಬೇಕು?

ಹಾಗಾಗಿ ಎರಡನೇ ಅರ್ಜಿ ಬರೆದೆ. ಮರಣ ದಾಖಲು ಮಾಡಿಕೊಡುವ ಬಗ್ಗೆ. ಮಿಸ್, “ಇದನ್ನ ನಾನ್ ಬರ್ದುಕೊಡ್ತೀನಿ, ನೀವು ಸಹಿ ಮಾಡಿ ಸಾಕು” ಎಂದರು. “ಬೇಡ ಮಿಸ್, ಈ ಮಾತು ಬೇರೆಯವ್ರ ಕೈಲಿ ಬರೋದ್ ಬೇಡ” ಎಂದೆ. ಅವರು ಓದಿ ನೋಡಿ ಒಂದೇ ಒಂದು ಕಡೆ ಬೆರಳಿಟ್ಟರು. ‘ಜೋಖನ್ ಥಾರು ಕನ್ಹಪುರದ ನಿವಾಸಿಯಾಗಿದ್ದಾರೆ’ ಎಂದು ಬರೆದಿದ್ದೆ. ನಾನೇ ಹೊಡೆದುಹಾಕಿ ‘ಆಗಿದ್ದರು’ ಎಂದು ಮಾಡಿದೆ.

ತೀರಿಕೊಂಡ ದಿನ ಯಾವುದು ಎಂದು ಕೇಳಿದರು. ನಾಟಿಯ ಆ ದಿನವನ್ನೇ ಹೇಳಿದೆ. ಬೇರೆ ಯಾವ ದಿನ ಗೊತ್ತು ನನಗೆ?

ಸುನೈನಾ ಈಗ ನೇಪಾಲ್‌ಗಂಜಿನ ಹಾಸ್ಟೆಲ್‌ನಲ್ಲಿದ್ದಾಳೆ. ಬಿಳಿ ಕೋಟು ತೊಟ್ಟು ಫೋಟೋ ಕಳಿಸಿದ್ದಾಳೆ, ಹಣೆ ಥೇಟ್ ನಿನ್ನದೇ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ನನ್ನ ಮೇಲೆ ಮಾಡಿಕೊಂಡರೆ ಮಾಡಿಕೋ. ನಿನ್ನ ತಮ್ಮ ಬರುತ್ತಾನೆಂದು ನೀನು ಇವತ್ತಿಗೂ ನಂಬಿದ್ದೀಯ ಎಂದು ನನಗೆ ಗೊತ್ತು. ಕೈಯಲ್ಲಿ ಅಷ್ಟೆಲ್ಲ ಬರೆದ ಮೇಲೂ ನಾಯಿ ಬೊಗಳಿದರೆ ನಾನೂ ಬಾಗಿಲ ಕಡೆ ನೋಡುತ್ತೇನೆ.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮೊಮ್ಮಗುವಿನ ಕೆಮ್ಮು ವಾಸಿಯಾಗಲಿ, ನಿನ್ನ ಕಣಜ ತುಂಬಿರಲಿ, ನಿನ್ನ ಮನೆಯವರೆಲ್ಲ ಸಂಜೆಗೆ ಮನೆ ಸೇರಲಿ.

ನಿನ್ನ
ಜಗರಾನಿ

ಮತ್ತೆ: ಕಾಗದ ಮಡಿಸಿದ ಮೇಲೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಎರಡನೇ ಅರ್ಜಿಯನ್ನು ಕೊಡುವ ಮುಂಚೆ ಅಮ್ಮನಿಗೆ ಓದಿ ಹೇಳಿದೆ. ಹೆತ್ತವಳಿಗೆ ತಿಳಿಸದೆ ಕೊಡಲು ಮನಸ್ಸಾಗಲಿಲ್ಲ. ಆದರೆ ಓದಿದ್ದು ಕಚೇರಿಯ ನೇಪಾಳಿಯಲ್ಲಿ. ಅಮ್ಮನಿಗೆ ಸಂತೆಯ ನೇಪಾಳಿಯೇ ಅರೆಬರೆ. ಮಗನ ಹೆಸರೊಂದು ಬಿಟ್ಟು ಅವಳಿಗೆ ಏನೂ ತಿಳಿಯಲಿಲ್ಲ. ಕೈಮುಗಿದುಕೊಂಡು ಕೂತು ಪೂರ್ತಿ ಕೇಳಿ, “ಎಷ್ಟ್ ಮರ್ಯಾದೆಯಾಗ್ ಬರ್ದಿದೀಯೇ! ಇಷ್ಟ್ ಚೆಂದವಾಗ್ ಕೇಳಿದ್ರೆ ಬಿಡದೆ ಇರ್ತಾರಾ? ಈ ಸಲ ಕಳಿಸ್ತಾರೆ ನೋಡು” ಎಂದಳು. ಅಲ್ಲ ಅಮ್ಮ ಎನ್ನಲು ಬಾಯಿ ತೆರೆದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಅರ್ಜಿ ಮಡಿಸಿಟ್ಟೆ.

ಈಗ ದಿನಾ ಊಟವಾದ ಮೇಲೆ, “ಅದನ್ನ ಇನ್ನೊಂದ್ ಸಲ ಓದೇ” ಎನ್ನುತ್ತಾಳೆ. ಇಟ್ಟುಕೊಂಡ ನಕಲು ತೆಗೆದು ಓದುತ್ತೇನೆ. ಆ ಭಾಷೆಯಲ್ಲಿ ಬರೆದದ್ದನ್ನು ನಮ್ಮ ಮಾತಿನಲ್ಲಿ ಅವಳಿಗೆ ಹೇಳಲು ನನ್ನಿಂದ ಆಗುತ್ತಿಲ್ಲ, ಅಕ್ಕ. ನೀನು ಮಗಳು, ನೀನು ಹೇಳು. ಮಾಘಿ ಹಬ್ಬಕ್ಕೆ ತವರಿಗೆ ಬರುವ ತನಕ ಕಾಯಬೇಡ. ನಿನ್ನೆ ಅಟ್ಟದಿಂದ ಅವನ ಮೀನುಬಲೆ ಇಳಿಸಿಕೊಂಡಿದ್ದಾಳೆ. ಇಲಿ ಕಡಿದ ಬಲೆಯ ಕಣ್ಣುಗಳನ್ನು ಬಿಸಿಲಲ್ಲಿ ಕೂತು ಒಂದೊಂದಾಗಿ ಹೆಣೆಯುತ್ತಿದ್ದಾಳೆ.