ಎರಡು ಡಬ್ಬಿಯ ‘ಸೆಟ್’

ಫೋನು ಎತ್ತದ ನನ್ನ ಅಕ್ಕನಿಗೆ,

ಬರೆಯಲು ಮೂರು ಸಲ ಕೂತು ಮೂರು ಸಲ ಎದ್ದೆ. “ಕೂತಲ್ಲಿ ಕೂರಲ್ವಲ್ಲೇ, ಕಾಲಿಗೇನು ಚಕ್ರ ಕಟ್ಕೊಂಡಿದೀಯಾ?” ಎಂದು ಬೈಯುತ್ತಿದ್ದೆಯಲ್ಲ, ಹಾಗೆ ಬೈಯುವವರಿಲ್ಲದೆ ಐದು ತಿಂಗಳಾಯಿತು.

ಈ ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಗೆ ನನ್ನನ್ನು ಸೇರಿಸಿದವಳೇ ನೀನು. ಆಗ ನೀನು ಇಂಗ್ಲಿಷಿನ ‘ಸೆಟ್’ ಎಂಬ ಒಂದೇ ಪದದ ಹಿಂದೆ ಬಿದ್ದಿದ್ದೆ. ಸೂರ್ಯ ಮುಳುಗುವುದಕ್ಕೂ ಅದೇ, ಸಿಮೆಂಟು ಗಟ್ಟಿಯಾಗುವುದಕ್ಕೂ ಅದೇ, ಮುರಿದ ಮೂಳೆ ಕೂಡಿಸುವುದಕ್ಕೂ ಅಲಾರಂ ಇಡುವುದಕ್ಕೂ ಅದೇ. ಒಂದು ಅರ್ಥಕ್ಕೆ ಒಂದು ಚೀಟಿ. “ಮೂರಕ್ಷರಕ್ಕೆ ಮೂರು ವರ್ಷವಾ ತಾಯಿ!” ಎಂದು ನಾನು ಆಡಿಕೊಂಡಾಗ ನೀನು ಎರಡು ತಗಡಿನ ಡಬ್ಬಿ ತೋರಿಸಿದ್ದೆ. “ನೀಲಿ ಡಬ್ಬೀಲಿರೋದು ‘ಕೂರಿಸು’ ಅನ್ನೋ ಹಳೇ ಇಂಗ್ಲಿಷ್ ಮಾತಿಂದ ಬಂದಿದ್ದು. ಕೆಂಪು ಡಬ್ಬೀದು ಲ್ಯಾಟಿನ್ನಿಂದ, ಹಿಂಬಾಲಿಸೋರ ಗುಂಪು ಅಂತ. ಫ್ರೆಂಚರ ಮನೆ ಹಾದು ಬಂತು. ಲೋಟದ ಸೆಟ್ಟು ಗಿಟ್ಟು ಎಲ್ಲ ಇದರ ಸಂತಾನ. ಮುಖ ಒಂದೇ ಥರ ಅಷ್ಟೇ ಕಣೇ, ಹೆತ್ತವರು ಬೇರೆ.” ನಾನು ಅರ್ಧಂಬರ್ಧ ಕೇಳಿಸಿಕೊಂಡು ಹೂಂಗುಟ್ಟಿದೆ.

ನೀನು ಕಣ್ಣಿನ ಡಾಕ್ಟರ ಹತ್ತಿರ ಹೋದ ದಿನ ಪ್ರೆಸ್ಸಿನವರು ಪುಟ ಕೊಡಿ ಎಂದು ಪ್ರಾಣ ತಿನ್ನುತ್ತಿದ್ದರು. ಒಂದೇ ಪದಕ್ಕೆ ಎರಡು ಡಬ್ಬಿ ಕಂಡು, ಮರೆತು ಎರಡು ಸಲ ಬರೆದಿದ್ದೀಯ ಅಂದುಕೊಂಡೆ. ಎರಡನ್ನೂ ಮೇಜಿನ ಮೇಲೆ ಸುರಿದು ಕಲೆಸಿ, ಹೆಚ್ಚೆನಿಸಿದ್ದನ್ನು ರದ್ದಿ ಪೆಟ್ಟಿಗೆಗೆ ಹಾಕಿ, ಉಳಿದದ್ದಕ್ಕೆ ಸಾಲಾಗಿ ನಂಬರು ಕೊಟ್ಟು ಕಳಿಸಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಕರಡು ಪ್ರತಿ ಬಂದಾಗ ಸಂಪಾದಕರು ಕೆಂಡವಾದರು. “ಎರಡು ಮೂಲಾನೂ ಕಲೆಸಿದೋರು ಯಾರ್ರೀ?” ನಾನು ಕಂಪ್ಯೂಟರಿನ ಕಡೆ ತಿರುಗಿದೆ. ನೀನು ಒಂದೇ ಒಂದು ಸಲ ನನ್ನ ಮುಖ ನೋಡಿದೆ. “ನಾನೇ ಸಾರ್. ಕಣ್ಣು ಮಂಜು, ಕೈತಪ್ಪಾಯ್ತು” ಎಂದು ನೀನೇ ಅಂದುಬಿಟ್ಟೆ. ಇನ್ನು ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಎಂದರು ಅವರು. ನೀನು ಕನ್ನಡಕ ಮಡಚಿಟ್ಟುಕೊಂಡು ಹೊರಟಾಗ ನಾನು ಕಂಪ್ಯೂಟರು ನೋಡುತ್ತ ಕೂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ನಿಜ ಹೇಳಲಾ? ಆಮೇಲೆ ನನಗೆ ನಿನ್ನ ಮೇಲೇ ಸಿಟ್ಟು ಬಂತು. ನನ್ನನ್ನು ಕಾಪಾಡು ಎಂದು ನಾನು ಕೇಳಿದ್ದೆನಾ? ಫೋನು ಮಾಡಿದರೆ ಭಾವ ಎತ್ತಿ, ಬೆಳಿಗ್ಗೆ ಹತ್ತು ಗಂಟೆಗೆ “ಮಲಗಿದಾಳಮ್ಮ” ಅನ್ನುತ್ತಾರೆ. ಪಾಪ, ಅವರಿಗೆ ಸುಳ್ಳು ಹೇಳಲೂ ಬರುವುದಿಲ್ಲ. ನಿನ್ನ ಹತ್ತಿರ ಬೈಸಿಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ಅಕ್ಕಾ.

ರದ್ದಿ ಪೆಟ್ಟಿಗೆಯನ್ನು ಪುಣ್ಯಕ್ಕೆ ಯಾರೂ ಒಯ್ದಿರಲಿಲ್ಲ. ಕರಡಿನ ಜೊತೆ ವಾಪಸು ಬಂದಿದ್ದ ಚೀಟಿಗಳನ್ನೂ ಕೂಡಿಸಿಕೊಂಡು ಒಂಬತ್ತು ದಿನ ನೆಲದ ಮೇಲೆ ಕೂತು, ನಿನ್ನ ಚೀಟಿಗಳ ಬೆನ್ನಿನ ಟಿಪ್ಪಣಿ ಓದುತ್ತ ಒಂದೊಂದನ್ನೂ ಅದರದರ ಡಬ್ಬಿಗೆ ಸೇರಿಸಿದೆ. ಟೆನಿಸ್ಸಿನ ಸೆಟ್ಟು ಮಾತ್ರ ಯಾವ ಡಬ್ಬಿಯದೋ ತಿಳಿಯಲಿಲ್ಲ. ಅದರ ಬೆನ್ನಿಗೆ ನೀನು ಬರೀ ಪ್ರಶ್ನೆ ಚಿಹ್ನೆ ಹಾಕಿದ್ದೀಯ.

ಇವತ್ತು ಬೆಳಿಗ್ಗೆ ಡಬ್ಬಿಗಳನ್ನು ಸಂಪಾದಕರ ಮುಂದಿಟ್ಟು ಎಲ್ಲ ಹೇಳಿದೆ. “ಇದನ್ನ ಹೇಳೋಕೆ ಐದು ತಿಂಗಳು ಬೇಕಾಯ್ತಾ? ನಾಳೆಯಿಂದ ನೀವು ಬರೋದು ಬೇಡ. ಅವರನ್ನ ಬರೋಕೆ ಹೇಳಿ” ಎಂದರು. ಅಳು ಬಂತು, ಎದೆ ಹಗುರವೂ ಆಯಿತು. ಅವತ್ತಿನಿಂದ ಅಚ್ಚಿಗೆ ಹೋಗದೆ ನಿಂತಿರುವ ‘ಸೆಟ್’ ಪುಟ ಸೋಮವಾರದವರೆಗೆ ನಿನಗಾಗಿ ಕಾಯುತ್ತದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿನ್ನ ಬಾಗಿಲ ಕೆಳಗೆ ತೂರಿಸಿ ಮೆಟ್ಟಿಲ ಮೇಲೆ ಕೂತಿರುತ್ತೇನೆ, ಏಳುವುದಿಲ್ಲ. ನನ್ನನ್ನು ಕ್ಷಮಿಸಬೇಡ, ಅದಕ್ಕೇನೂ ಅವಸರವಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಡು ಸಾಕು. ದಾಟಿ ಹೋಗುವಾಗ ತಲೆಗೊಂದು ಮೊಟಕಿದರೆ ಬದುಕಿಕೊಂಡೆ.

ನಿನ್ನ ಕಣ್ಣು ನೂರು ವರ್ಷ ಚೆನ್ನಾಗಿರಲಿ.

ಬಾಗಿಲಾಚೆ ಕೂತಿರುವ,
ನಿನ್ನ ತಂಗಿ