ಗಿಣಿಯ ಗಡುವು

ಮಾರ್ಚ್ 3, ಭಾನುವಾರ. ಬೆಳಗ್ಗೆ 11

ತಪ್ಪು ಸಂಖ್ಯೆ 1,146. ‘ಹಿಂದಿನ ಸಾಲು’ ಅಂದರೆ ಗಿಣಿ ಎರಡು ಸಾಲು ಹಿಂದಕ್ಕೆ ಹಾರುತ್ತದೆ. ಕೆಂಪು ಶಾಯಿಯಲ್ಲಿ ರಿಜಿಸ್ಟರಿಗೆ ಹತ್ತಿಸಿ, ಮೇಷ್ಟ್ರಿಗೆ ಮೇಲ್ ಮಾಡಿ ಆಯಿತು.

ಹನ್ನೊಂದು ವರ್ಷದಿಂದ ಭಾನುವಾರ ಅಂದರೆ ಇದೇ. ಅಕ್ಕ ಕೀಬೋರ್ಡಿನ ಮುಂದೆ, ನಾನು ಪಕ್ಕದಲ್ಲಿ ರಿಜಿಸ್ಟರ್ ಹಿಡಿದು. ಅಕ್ಕನಂತೆ ಕಣ್ಣು ಹೋದವರಿಗಾಗಿ ಪರದೆಯನ್ನು ಓದಿ ಹೇಳುವ ಈ ಸಾಫ್ಟ್‌ವೇರಿಗೆ ಗಿಣಿ ಅಂತ ಹೆಸರಿಟ್ಟವಳೇ ಅವಳು. ಲೆಕ್ಕದ ಮೇಷ್ಟ್ರೊಬ್ಬರು ಶಾಲೆ ಬಿಟ್ಟು, ನಮ್ಮ ಊಟದ ಮೇಜಿನ ಮುಂದೆ ಕೂತು, ಅಕ್ಕನ ಕಿವಿ ನಂಬಿ ಕಟ್ಟಿದ್ದು. ಪ್ರತಿ ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿ, ಮೊದಲು ಬರುವುದು ಈ ಮನೆಗೆ. ತಪ್ಪು ಹುಡುಕುವವಳು ಅವಳು, ಬರೆಯುವವನು ನಾನು. ಪತ್ರಿಕೆಯಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದವನಿಗೆ ಇನ್ನೇನು ಬರುತ್ತದೆ?

ಅಕ್ಕನ ಪುಸ್ತಕ ಮೂವತ್ತೊಂದು ಅಧ್ಯಾಯ ಆಯಿತು. ಇನ್ನೆರಡು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದ ಇಪ್ಪತ್ತಾರು ವರ್ಷ, ಪೂರ್ತಿ. ಪ್ರಕಾಶಕರಿಗೆ ಏಪ್ರಿಲ್ 10ಕ್ಕೆ ಕೊಡಬೇಕು. ನನಗೆ ಒಂದು ಸಾಲೂ ತೋರಿಸಿಲ್ಲ. ‘ನೀನು ಓದೋದಿಲ್ಲ, ಗಾಯ ಮಾಡ್ತೀಯ’ ಅನ್ನುತ್ತಾಳೆ.

ಗಿಣಿ ಓದುವುದಷ್ಟೇ ಅಲ್ಲ, ಬರೆದದ್ದನ್ನು ತನ್ನದೇ ಕಡತದಲ್ಲಿ ಇಡುತ್ತದೆ. ಅಕ್ಕ ಬರೆದದ್ದೆಲ್ಲ ಬೀಟಾದಲ್ಲೇ. ಬೇಡ, ಹಳೆಯದರಲ್ಲಿ ಬರಿ ಅಂದಿದ್ದೆ. ‘ಉಪ್ಪು ನೋಡೋಕೆ ಅಂತ ಯಾರಾದ್ರೂ ಬೇರೆ ಅಡುಗೆ ಮಾಡ್ತಾರಾ?’ ಅಂದಳು. ಸರಿ. ಹಾಗಾದರೆ ನನ್ನ ನಿಯಮವೂ ನಡೆಯಲಿ ಅಂತ, ಮುನ್ನೆಚ್ಚರಿಕೆಗೆ ಹಳೆಯ ಆವೃತ್ತಿಯಲ್ಲಿ ಉಳಿಸಿದ್ದ ಪುಸ್ತಕದ ಪ್ರತಿಗಳನ್ನೆಲ್ಲ ಇವತ್ತು ಅಳಿಸಿದೆ. ತಿದ್ದಿದ ಪ್ರೂಫ್ ಬಂದ ಮೇಲೆ ಹಳೆಯದನ್ನು ಹರಿದು ಬುಟ್ಟಿಗೆ ಹಾಕಬೇಕು. ಇಟ್ಟರೆ ಒಂದಲ್ಲ ಒಂದು ದಿನ ಅದೇ ಅಚ್ಚಿಗೆ ಹೋಗುತ್ತದೆ. ಕಣ್ಣಾರೆ ಕಂಡಿದ್ದೇನೆ. ಒಬ್ಬರು ಸತ್ತ ಸುದ್ದಿಯಲ್ಲಿ, ಬದುಕಿರುವ ಅವರ ತಮ್ಮನ ಫೋಟೋ...

ಪರದೆಯ ಮೂಲೆಯಲ್ಲಿ — ‘ಈ ಬೀಟಾ ಇನ್ನು 11 ದಿನಕ್ಕೆ ಮುಗಿಯುತ್ತದೆ.’ ಮುಗಿಯುವ ಮುಂಚೆ ಮುಂದಿನದು ಬರುತ್ತದೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.

ಮಾರ್ಚ್ 10, ಭಾನುವಾರ

ಹೊಸ ಬೀಟಾ ಬಂದಿಲ್ಲ. ನಾಲ್ಕು ದಿನ ಉಳಿದಿದೆ. ಮೇಷ್ಟ್ರಿಗೆ ಮೂರು ಮೇಲ್. ಉತ್ತರವಿಲ್ಲ.

‘ಹುಷಾರಿಲ್ಲವೇನೋ ಪಾಪ,’ ಅಕ್ಕ.

‘ಹುಷಾರಿಲ್ಲದೋರು ಎರಡಕ್ಷರ ಬರೀಬಹುದು.’

‘ನಿನಗೆ ಬರೆದ್ರೆ ಅದರಲ್ಲೂ ತಪ್ಪು ಹುಡುಕ್ತೀಯ. ಅದಕ್ಕೇ ಬರೆದಿರಲ್ಲ.’

ಮೂವತ್ತೆರಡನೆಯ ಅಧ್ಯಾಯ ಮುಗಿಸಿದಳು. ಖುಷಿಯಲ್ಲಿದ್ದಾಳೆ.

ಮಾರ್ಚ್ 14, ಗುರುವಾರ. ಸಂಜೆ 4

ನಿಂತಿತು.

ಅಕ್ಕ ಕೊನೆಯ ಅಧ್ಯಾಯ ಕೇಳಿಸಿಕೊಳ್ಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ಗಿಣಿ ವಾಕ್ಯದ ನಡುವೆ ನಿಂತು, ಅದೇ ದನಿಯಲ್ಲಿ, ಅದೇ ಏರಿಳಿತದಲ್ಲಿ — ‘ನಿಮ್ಮ ಪರವಾನಗಿಯ ಅವಧಿ ಮುಗಿದಿದೆ.’ ಅದೂ ತನ್ನ ಪುಸ್ತಕದ್ದೇ ಸಾಲು ಅಂದುಕೊಂಡು ಅಕ್ಕ ಒಂದು ಕ್ಷಣ ಕಾದಳಂತೆ. ‘ಇದನ್ನ ನಾನು ಯಾವಾಗ ಬರೆದೆ?’ ಅಂತ ಕೂಗಿದಳು.

ಹಳೆಯ ಆವೃತ್ತಿ ಹಾಕಿದೆ. ಪತ್ರಿಕೆ ಓದುತ್ತದೆ, ಮೇಲ್ ಓದುತ್ತದೆ. ಪುಸ್ತಕ ಮಾತ್ರ ತೆರೆಯದು. ‘ಈ ಕಡತ ಹೊಸ ಆವೃತ್ತಿಯದು.’ ಮೂವತ್ಮೂರಕ್ಕೂ ಅದೇ ಉತ್ತರ. ಒಂದೊಂದನ್ನೇ ಒತ್ತಿ, ಮೂವತ್ಮೂರು ಸಲ ಕೇಳಿದಳು. ಸಾಕು ಅಂದರೂ ಬಿಡಲಿಲ್ಲ.

ಮಾರ್ಚ್ 15. ಮಧ್ಯಾಹ್ನ

ಸಪೋರ್ಟ್ ನಂಬರಿಗೆ ಫೋನ್. ನಲವತ್ತು ನಿಮಿಷ ಸಂಗೀತ. ಆಮೇಲೆ ಒಬ್ಬ ಹೆಣ್ಣುಮಗಳು, ತುಂಬ ಮರ್ಯಾದೆಯವಳು.

‘ಸರ್, ನಿಮ್ಮದು ಟೆಸ್ಟರ್ ಲೈಸೆನ್ಸ್. ಆ ವರ್ಗವನ್ನ ಕಂಪನಿ ಕೈಬಿಟ್ಟಿದೆ.’

‘ಯಾವ ಕಂಪನಿ? ಇದು ಮೇಷ್ಟ್ರದು.’

‘ಜನವರಿಯಿಂದ ನಮ್ಮದು ಸರ್.’

ಜನವರಿ! ಜನವರಿಯಿಂದ ನಾವು ಹನ್ನೊಂದು ತಪ್ಪು ಕಳಿಸಿದ್ದೇವೆ. ಯಾರಿಗೆ ಕಳಿಸಿದೆವು?

‘ಹೊಸ ಆವೃತ್ತಿ ಕೊಡಿ. ನವೀಕರಿಸ್ತೀವಿ.’

‘ಅಪ್‌ಡೇಟ್ ಸಿಗೋದು ಚಾಲ್ತಿಯಲ್ಲಿರೋ ಲೈಸೆನ್ಸಿಗೆ ಮಾತ್ರ ಸರ್. ನಿಮ್ಮದು ಮುಗಿದಿದೆ.’

‘ಹೊಸದು ತಗೋತೀವಿ.’

‘ಈಗ ಸಂಸ್ಥೆಗಳಿಗೆ ಮಾತ್ರ ಸರ್. ವ್ಯಕ್ತಿಗಳಿಗೆ ಇಲ್ಲ.’

‘ನಮ್ಮ ಅಕ್ಕನ ಪುಸ್ತಕ ಒಳಗಿದೆ ತಾಯಿ. ಮೂರು ವರ್ಷದ ಕೆಲಸ. ಒಂದೇ ಒಂದು ದಿನ ತೆಗೆದುಕೊಡಿ, ಸಾಕು.’

‘ಬೀಟಾದಲ್ಲಿಡೋ ಬರಹ ನಿಮ್ಮ ಜವಾಬ್ದಾರಿ ಅಂತ ಒಪ್ಪಂದದಲ್ಲಿದೆ ಸರ್. ನೀವು ಟಿಕ್ ಮಾಡಿದ್ದೀರ.’

ಹೌದು. ಮಾಡಿದ್ದೇನೆ. ಸೋಪಿನ ಹೊದಿಕೆಯನ್ನೂ ಬಿಡದೆ ಓದುವ ನಾನು, ಮೇಷ್ಟ್ರು ಕೊಟ್ಟಿದ್ದು ಅಂತ ಓದದೆ ಒತ್ತಿದೆ.

ಪಕ್ಕದಲ್ಲಿ ಅಕ್ಕ. ಫೋನಿಟ್ಟ ಮೇಲೆ ಅಂದಳು: ‘ಒಳ್ಳೆ ದನಿ. ಉಸಿರು ಎಲ್ಲಿ ತಗೋಬೇಕು ಅಂತ ಗೊತ್ತು. ಅವಳ ಮೇಲೆ ಯಾಕೆ ಕಿರುಚಿದೆ?’

ಮಾರ್ಚ್ 16

ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ಇಟ್ಟು ನೋಡಿದೆ. ಮಾರ್ಚ್ 3. ಬದುಕಿನಲ್ಲಿ ಮೊದಲ ಬಾರಿ ಇಂಥ ಕಳ್ಳತನ. ಗಿಣಿ ನಂಬಲಿಲ್ಲ. ‘ಗಡಿಯಾರ ಬದಲಾಗಿದೆ. ಸರಿಪಡಿಸಿ.’ ಎಷ್ಟು ಹುಷಾರು! ಯಾವ ಕಿಡಿಗೇಡಿಯ ತಲೆಯಲ್ಲಿ ಹುಟ್ಟಿತೋ ಇದು.

ಕಂಪನಿಯ ವೆಬ್‌ಸೈಟಿನಲ್ಲಿ ಕೃತಜ್ಞತೆಯ ಪುಟ ಹುಡುಕಿದೆ. ಅಕ್ಕನ ಹೆಸರು ಮೊದಲು ಇರುತ್ತಿತ್ತು. ಪುಟವೇ ಇಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಯಾರು ಕೇಳುತ್ತಾರೆ.

ಆರು ವರ್ಷದ ಹಿಂದೆ, ಆಗಸ್ಟಿನಲ್ಲಿ, ಇದೇ ಮೇಜು. ಮೇಷ್ಟ್ರು ಕೈ ತೊಳೆದು ಬಂದು, ಟವೆಲ್ ಹಿಡಿದುಕೊಂಡೇ ಅಂದರು: ‘ಅಕ್ಕ, ಎಲ್ಲಿ ನಿಂತರೂ ಈ ಮನೆಯಲ್ಲಿ ಗಿಣಿ ನಿಲ್ಲಲ್ಲ.’ ಅಷ್ಟು ಹೊತ್ತೂ ಟವೆಲ್ ಹಿಡಿದೇ ಇದ್ದರು. ನನಗೆ ಎಲ್ಲ ನೆನಪಿದೆ. ನನ್ನ ನೆನಪೇ ನನಗೆ ಶತ್ರು.

ಮಾರ್ಚ್ 19, ಮಂಗಳವಾರ

ಮೇಷ್ಟ್ರು ನನ್ನ ಫೋನ್ ಎತ್ತುವುದಿಲ್ಲ. ಅಕ್ಕ ಎದುರು ಮನೆಯ ನರ್ಸಮ್ಮನ ಫೋನಿನಿಂದ ಮಾಡಿದಳು. ಎತ್ತಿದರು. ಅಕ್ಕ ಆಪರೇಟರ್ ದನಿಯಲ್ಲಿ:

‘ನಿಮಗೊಂದು ಕಾಲ್ ಇದೆ. ಹನ್ನೊಂದು ವರ್ಷದಿಂದ ಲೈನಿನಲ್ಲಿ ಕಾಯ್ತಿದ್ದಾರೆ. ಜೋಡಿಸಲಾ?’

ನರ್ಸಮ್ಮ ನಕ್ಕುಬಿಟ್ಟರು. ಆಮೇಲೆ ಮೇಷ್ಟ್ರು ಅತ್ತರಂತೆ. ಹೆಂಡತಿಯ ಕಾಯಿಲೆ, ಕೈಯಲ್ಲಿ ಆಗಲಿಲ್ಲ, ಮಾರಿದೆ. ಹೇಳಲು ಮುಖವಿರಲಿಲ್ಲ. ಬೀಗದ ಕೈ ಈಗ ತನ್ನಲ್ಲಿಲ್ಲ. ಕೇಳಿದರೆ ಕಂಪನಿಯವರು ‘ಒಬ್ಬರಿಗೆ ತೆರೆದರೆ ಎಲ್ಲರಿಗೂ ತೆರೆಯಬೇಕು’ ಅನ್ನುತ್ತಾರೆ. ಭಾನುವಾರ ಬರುತ್ತೇನೆ ಅಂದರು.

ಅಕ್ಕ ಸಮಾಧಾನ ಮಾಡಿದಳು. ಅವರಿಗೆ! ನನಗೆ ಮೈಯೆಲ್ಲ ಉರಿ. ಅಳು ಬಂದರೆ ಆಯಿತೇ? ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೇಲಿಯ ಕಷ್ಟಸುಖ ಕೇಳುತ್ತಾ ಕೂರಬೇಕೇ? ಬರಲಿ. ಹೇಳಬೇಕಾದ್ದನ್ನು ಪಟ್ಟಿ ಮಾಡಿ ಇಟ್ಟಿದ್ದೇನೆ. ಹದಿನೇಳು ಅಂಶ.

ಮಾರ್ಚ್ 24, ಭಾನುವಾರ. ಸಂಜೆ

ಬಂದರು. ಸೊರಗಿದ್ದಾರೆ. ಅಕ್ಕನ ಕೈ ಹಿಡಿದು ಕೂತರು. ನಾನು ಪಟ್ಟಿ ತೆಗೆದೆ. ಹದಿನೇಳನ್ನೂ ಓದಿದೆ. ಹನ್ನೆರಡನೆಯದರಲ್ಲಿ ‘ವಿಶ್ವಾಸದ್ರೋಹ’ ಅಂದೆ. ಮೇಷ್ಟ್ರು ತಲೆ ಎತ್ತಿ ನನ್ನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಅಕ್ಕನ ಕಡೆ ನೋಡಿ ಮುಚ್ಚಿಕೊಂಡರು.

ಹೊರಡುವಾಗ ಗೇಟಿನ ತನಕ ಹೋದೆ. ಅಲ್ಲಿ ಜೇಬಿನಿಂದ ಒಂದು ಕಾಗದ ತೆಗೆದರು.

‘ಮಾರಿದೋನು ನಾನು ಸಾರ್. ಆ ತಪ್ಪು ನಂದು. ಬೀಗ ಮಾತ್ರ ನಿಮ್ಮದು.’

ನನ್ನ ಅಕ್ಷರ. ಒಂಬತ್ತು ವರ್ಷದ ಹಿಂದಿನದು. ಯಾರೋ ಹಂಚಿದ ಅರೆಬೆಂದ ಬೀಟಾ ಕೇಳಿ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಗೆ ತಪ್ಪು ಪಾಠ ಓದಿಕೊಂಡಿದ್ದಳು. ಆ ಸಿಟ್ಟಿನಲ್ಲಿ ನಾಲ್ಕು ಪುಟ ಬರೆದಿದ್ದೇನೆ.

‘ತಿದ್ದದ ಪ್ರೂಫ್ ಊರಲ್ಲಿ ಓಡಾಡಬಾರದು. ಪ್ರತಿ ಬೀಟಾಗೂ ಒಂದು ಕೊನೆಯ ದಿನವಿರಲಿ. ಆ ದಿನ ಅದು ತಾನಾಗಿ ಬಾಯಿ ಮುಚ್ಚಲಿ. ಗಡಿಯಾರ ಹಿಂದಿಟ್ಟು ವಂಚಿಸುವವರು ಇದ್ದೇ ಇರುತ್ತಾರೆ. ಅವರಿಗೂ ದಾರಿ ಬಿಡಬೇಡಿ. ಹೊಸದರಲ್ಲಿ ಬರೆದದ್ದನ್ನು ಹಳೆಯದು ತೆರೆಯದಿರಲಿ. ಎರಡು ಪಾಠ ಒಟ್ಟಿಗೆ ಉಳಿದರೆ ತಪ್ಪೇ ಗೆಲ್ಲುತ್ತದೆ. ಯಾರಿಗೂ ರಿಯಾಯಿತಿ ಬೇಡ.’

‘ಯಾರಿಗೂ’ ಕೆಳಗೆ ಎರಡು ಗೆರೆ. ಕೆಂಪು ಶಾಯಿ.

‘ನನಗೆ ಆಗ ಇಷ್ಟ ಇರಲಿಲ್ಲ ಸಾರ್. ನೀವು ಒಂದು ತಿಂಗಳು ಬಿಡಲಿಲ್ಲ,’ ಅಂದರು ಮೇಷ್ಟ್ರು. ‘ಅಕ್ಕನ ಮುಂದೆ ತೆಗೀಬಾರದು ಅನ್ನಿಸಿತು.’

ಕಾಗದ ನನ್ನ ಕೈಯಲ್ಲೇ ಬಿಟ್ಟು ಹೋದರು.

ಒಳಗೆ ಬಂದಾಗ ಅಕ್ಕ ಕಿಟಕಿಯ ಹತ್ತಿರ. ‘ಏನಂದ್ರು?’

‘ಏನಿಲ್ಲ. ನಮಸ್ಕಾರ ಅಂದ್ರು.’

ಮಾರ್ಚ್ 30

ಆರು ದಿನ ಬರೆಯಲಿಲ್ಲ. ಏನು ಬರೆಯಲಿ. ಎಲ್ಲ ನೆನಪಿದೆ ಅನ್ನುವವನ ನೆನಪಿನಲ್ಲಿ ಇದೊಂದೇ ಇರಲಿಲ್ಲ. ಟವೆಲ್ ನೆನಪಿತ್ತು.

ಅಕ್ಕ ತೀರ್ಮಾನ ಮಾಡಿದ್ದಾಳೆ. ಪ್ರಕಾಶಕರನ್ನು ಕೇಳಿ ಮೇ ಕೊನೆಯ ತನಕ ಸಮಯ ಪಡೆದಳು. ಅವಳು ಹೇಳುವುದು, ನಾನು ಬರೆಯುವುದು. ಕೈಯಲ್ಲಿ, ಕಾಗದದ ಮೇಲೆ.

‘ಎಲ್ಲ ನೆನಪಿದೆಯಾ?’

‘ನಾಲ್ಕು ಸಾವಿರ ನಂಬರ್ ಬಾಯಲ್ಲಿ ಇಟ್ಟುಕೊಂಡಿದ್ದೋಳು ಕಣೋ. ಸ್ವಲ್ಪ ಹೋಗಿರುತ್ತೆ. ಹೋದದ್ದು ಹೋಯ್ತು. ಒಂದು ಷರತ್ತು — ತಿದ್ದಬಾರದು.’

ಮೊದಲ ಅಧ್ಯಾಯ ಶುರು. ದಿನಾ ನಾಲ್ಕು ಗಂಟೆಗೆ ಒಬ್ಬ ಹೆಂಗಸು ಒಂದು ನಂಬರ್ ಕೇಳುತ್ತಿದ್ದಳಂತೆ. ಆ ಮನೆ ಖಾಲಿಯಾಗಿ ವರ್ಷವಾಗಿತ್ತು, ಇಬ್ಬರಿಗೂ ಗೊತ್ತು. ಅಕ್ಕ ಜೋಡಿಸಿ ಹತ್ತು ರಿಂಗ್ ಆಗಲು ಬಿಡುತ್ತಿದ್ದಳು. ‘ಯಾರೂ ಎತ್ತುತ್ತಿಲ್ಲಮ್ಮ.’ ‘ಪರವಾಗಿಲ್ಲ, ನಾಳೆ ಮಾಡ್ತೀನಿ.’

ಇದನ್ನು ನಾನು ಅರವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ಕೇಳಿದೆ. ಒಂದೇ ಮನೆಯಲ್ಲಿದ್ದು.

ಏಪ್ರಿಲ್ 4

ಮೂರನೆಯ ಅಧ್ಯಾಯ. ನಡುವೆ ಎರಡು ಕಡೆ ತಡವರಿಸಿದಳು. ‘ಇಲ್ಲೊಂದು ಒಳ್ಳೆ ಸಾಲಿತ್ತು...’ ಅಂತ ಬೆರಳಿನಿಂದ ಮೇಜು ತಡವಿದಳು, ಅಲ್ಲೆಲ್ಲೋ ಬಿದ್ದಿದೆ ಅನ್ನುವಂತೆ. ಸಿಗಲಿಲ್ಲ.

ಕೇಳಿದಳು: ‘ಈ ತಾರೀಖಿನ ಬೀಗ ಯಾರ ಬುದ್ಧಿ ಇರಬಹುದು? ಮೇಷ್ಟ್ರದಂತೂ ಅಲ್ಲ. ಅವರಿಗೆ ಮನೆ ಬಾಗಿಲನ್ನೇ ಹಾಕೋಕೆ ಬರಲ್ಲ.’

‘ಕಂಪನಿಯೋರದು ಇರುತ್ತೆ.’

ಬಾಯಿಗೆ ಎಷ್ಟು ಸುಲಭವಾಗಿ ಬಂತು.

ಏಪ್ರಿಲ್ 7, ಭಾನುವಾರ. ಬೆಳಗ್ಗೆ 11

ಮೊದಲಾಗಿದ್ದರೆ ಈ ಹೊತ್ತಿಗೆ ತಪ್ಪು ಹಿಡಿಯುತ್ತಿದ್ದೆವು. ಬೆಳಗ್ಗೆಯೇ ನಾಲ್ಕನೆಯ ಅಧ್ಯಾಯ ಹೇಳಿದಳು. ಅದರಲ್ಲಿ ಹೀಗಿತ್ತು, ಅಕ್ಷರ ಬಿಡದೆ ಬರೆದುಕೊಂಡೆ: ‘ಲೈನಿನಲ್ಲಿ ಬಂದದ್ದೆಲ್ಲ ನಮ್ಮ ಕಿವಿಗೆ ಬೀಳುತ್ತಿತ್ತು. ಕೇಳಿಸಿಕೊಂಡದ್ದನ್ನು ನಾವಾಗಿ ಆಡಬಾರದು. ಅವರೇ ಹೇಳುವ ತನಕ ಕಾಯಬೇಕು. ಇದು ಕೆಲಸದ ಮೊದಲ ಪಾಠ.’

ನನ್ನ ಪೆನ್ನು ನಿಂತಿತು. ಅವತ್ತು ಅವಳಿದ್ದ ಕಿಟಕಿಯಿಂದ ಗೇಟಿಗೆ ಇಪ್ಪತ್ತು ಹೆಜ್ಜೆಯೂ ಇಲ್ಲ.

ಆಮೇಲೆ ಆ ಹಾಳೆಗಳನ್ನು ಎತ್ತಿಟ್ಟು ಇದನ್ನು ತೆಗೆದೆ. ಈ ಮನೆಯಲ್ಲಿ ಗಿಣಿ ಅವಳಿಗೆ ಎಂದೂ ಓದಿ ಹೇಳದ ಬರಹ ಇದೊಂದೇ. ಅವಳು ಎದುರಿಗೇ ಕೂತಿದ್ದಾಳೆ, ಕಾಲು ಚಾಚಿ.

‘ಏನು ಗೀಚ್ತಿದ್ದೀಯ?’

‘ದಿನಚರಿ.’

‘ಗೊತ್ತು. ನನ್ನ ಪುಸ್ತಕ ಬರೆಯುವಾಗ ಪೆನ್ನು ಓಡುತ್ತೆ. ಇದರಲ್ಲಿ ಎರಡು ವಾರದಿಂದ ಕುಂಟ್ತಾ ಇದೆ. ಓದು ನೋಡೋಣ.’

‘ಯಾವ ಪುಟ?’

‘ಕುಂಟಿದ ಪುಟ.’

ಮಾರ್ಚ್ 24 ತೆಗೆದಿದ್ದೇನೆ. ಕಾಗದ ಅದರೊಳಗೇ ಇದೆ. ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. ಓದುವ ಮುಂಚೆ ಇದೊಂದು ಸಾಲು ಬರೆದು ಬಿಡುತ್ತೇನೆ — ತಪ್ಪು ಸಂಖ್ಯೆ 1,147, ನನ್ನದು.