ಮಾರ್ಲಾಳ ಎದುರಿನ ಕುರ್ಚಿ

ಸೆಪ್ಟೆಂಬರ್ 4, ಬುಧವಾರ

ಅದೇ ತಣ್ಣನೆ ಕ್ಲಾಸು, ಅದೇ ಸೀದ ಕಾಫಿ, ಪ್ರೂಯಿಟ್ ಮೇಷ್ಟ್ರ ಅದೇ ಉದ್ದನೆ ಪ್ರಾರ್ಥನೆ. ಕಣ್ಣು ಮುಚ್ಚಿರಲಿಲ್ಲ. ಅದಕ್ಕೇ ತಡವಾಗಿ ಒಳಗೆ ಬಂದವಳನ್ನು ಎಲ್ಲರಿಗಿಂತ ಮೊದಲು ನಾನೇ ನೋಡಿದೆ. ಮಾರ್ಲಾ.

ಇಡೀ ಅರ್ಕನ್ಸಾ ರಾಜ್ಯದಲ್ಲಿ ಇವಳಿಗೆ ಬೇರೆ ಕಾಲೇಜು ಸಿಗಲಿಲ್ಲವಾ? ನನ್ನ ಗಂಡನನ್ನು ತಗೊಂಡಳು. ಚರ್ಚಿನಲ್ಲಿ ನಾನು ಕೂರುತ್ತಿದ್ದ ಬೆಂಚು ತಗೊಂಡಳು. ಈಗ ಕ್ರಿಶ್ಚಿಯನ್ ಕೌನ್ಸೆಲಿಂಗ್ ಡಿಗ್ರಿಯೂ ಬೇಕಂತೆ. ನೊಂದವರಿಗೆ ಸಮಾಧಾನ ಹೇಳ್ತಾಳಂತೆ! ನೋಯಿಸಿ ಅಭ್ಯಾಸ ಇದೆಯಲ್ಲ...

ಜೋಡಿ ಮಾಡಿದರು. ಈ ಟರ್ಮ್ ಪೂರ್ತಿ ಒಬ್ಬರು ಕಷ್ಟ ಹೇಳಬೇಕು, ಇನ್ನೊಬ್ಬರು ಎದುರು ಕೂತು ಕೇಳಬೇಕು. ಕಟ್ಟುಕಥೆ ಬೇಡ, ನಿಮ್ಮದೇ ಕಷ್ಟ ಇರಲಿ ಅಂದರು ಮೇಷ್ಟ್ರು.

"ವರ್ಲೀನ್, ಮಾರ್ಲಾ. ನೀವಿಬ್ಬರು."

"ಬೇರೆ ಯಾರನ್ನಾದ್ರೂ ಕೊಡಿ ಸರ್."

"ಯಾಕೆ ಸಿಸ್ಟರ್?"

ಯಾಕೆಂದು ಊರಿಗೇ ಗೊತ್ತು. ಇವರಿಗೂ ಗೊತ್ತು — ಅದೇ ಚರ್ಚಿನ ಹಿರಿಯರು, ನನ್ನ ಮಾಜಿ ಗಂಡ ರಾಯ್ಸ್ ಜೊತೆ ಮೀನು ಹಿಡಿಯೋಕೆ ಹೋಗುವವರು. "ಕ್ಷಮೆ ಕಲಿಯೋಕೆ ಇದಕ್ಕಿಂತ ಒಳ್ಳೆ ಅವಕಾಶ ಎಲ್ಲಿ ಸಿಗುತ್ತೆ?" ಅಂತ ಹಲ್ಲು ಬಿಟ್ಟರು.

ಈ ಡಿಗ್ರಿ ನನಗೆ ಬೇಕು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ತಟ್ಟೆ ಉಜ್ಜುತ್ತಾ ಸಾಯಲಾರೆ. ಹೆಂಗಸರ ಜೈಲಿನಲ್ಲಿ ಕೌನ್ಸೆಲರ್ ಕೆಲಸ ಇದೆ. ಮೇಷ್ಟ್ರು ಒಳ್ಳೆ ಮಾತು ಹೇಳಿದರೆ ಮಾತ್ರ.

ಬಾಯಿ ಮುಚ್ಚಿಕೊಂಡೆ.

ಸೆಪ್ಟೆಂಬರ್ 11

ಮೊದಲ ಸರದಿ ನನ್ನದು, ಕೇಳೋದು.

"ಹೇಳು. ಏನು ನಿನ್ನ ಕಷ್ಟ?"

"ನೀನೇ."

"ಮತ್ತೆ?"

"ಅಂಗಡಿಯಲ್ಲಿ ಸಿಕ್ಕಿದಾಗ ನನ್ನ ಸಾಮಾನಿನ ಗಾಡಿಯೊಳಗೆ ಇಣುಕ್ತೀಯಲ್ಲ, ಅದು."

"ರಾಯ್ಸ್‌ಗೆ ಆಗದ ಬೀನ್ಸ್ ನೀನು ತಗೊಳ್ತಿದ್ದೆ. ಖುಷಿಯಾಗಿ ನೋಡ್ದೆ."

ಸುಡುವ ಬಿಸಿಲು. ಅವಳು ಮಣಿಕಟ್ಟಿನ ತನಕ ತೋಳಿರುವ ಉಣ್ಣೆ ಅಂಗಿ ಹಾಕಿದ್ದಳು. ಫ್ಯಾಷನ್ ಅಂದುಕೊಂಡೆ.

ಸೆಪ್ಟೆಂಬರ್ 25

ಹೇಳಿದಳು.

ಭಾನುವಾರ ಚರ್ಚಿನಲ್ಲಿ, ಹಾಡುವಾಗ, ರಾಯ್ಸ್ ಪ್ರೀತಿಯಿಂದ ಅನ್ನೋ ಹಾಗೆ ತೋಳು ಹಿಡಿಯುತ್ತಾನೆ. ಒಳಗಡೆ, ಮೃದುವಿರುವ ಕಡೆ, ಹೆಬ್ಬೆರಳಿನಿಂದ ಚಿವುಟಿ ತಿರುಚುತ್ತಾನೆ. ಹಾಡು ಮುಗಿಯುವ ತನಕ. ಇವಳು ಹಾಡುತ್ತಲೇ ಇರಬೇಕು. ದನಿ ನಡುಗಿದರೆ ಮನೆಯಲ್ಲಿ ಇನ್ನೊಂದು.

ಕ್ಲಾಸಿನಲ್ಲಿ ಕಲಿಸಿದ ಹಾಗೆ ತಲೆಯಾಡಿಸಿದೆ. ಕೇಳುವವರು ತಮ್ಮ ಕಥೆ ಹೇಳಬಾರದು — ನಿಯಮ. ಒಳಗೆ ಮಾತ್ರ ಕುಣಿಯುತ್ತಿದ್ದೆ. ತಗೋ. ಎಲ್ಲ ತಗೊಂಡೆಯಲ್ಲ, ಇದನ್ನೂ ತಗೋ.

ಮನೆಗೆ ಬಂದು ಮೆಕ್ಕೆಜೋಳದ ಬ್ರೆಡ್ ಬೇಯಿಸಿ, ಬೆಣ್ಣೆ ಸುರಿದು, ಒಬ್ಬಳೇ ಪಾತ್ರೆ ಖಾಲಿ ಮಾಡಿದೆ.

ಸೆಪ್ಟೆಂಬರ್ 26

ತಿಂದದ್ದೆಲ್ಲ ವಾಂತಿ.

ನನ್ನನ್ನು ಚಿವುಟುತ್ತಿದ್ದುದೂ ಅದೇ ಜಾಗ. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಂಬುತ್ತಿದ್ದರಾ? ಚರ್ಚಿನ ಡೀಕನ್ ಅವನು, ಎಲ್ಲರೂ ಗೌರವ ಕೊಡುವ ಸೇವಕ. ನಾನು — ಊರವರ ಬಾಯಲ್ಲಿ, ಗಂಡನನ್ನು ಹತ್ತಿರ ಬಿಟ್ಟುಕೊಳ್ಳದ ಕಲ್ಲು ಹೆಂಗಸು.

ಅಕ್ಟೋಬರ್ 9

ಯಾರಿಗಾದರೂ ಅಪಾಯ ಇದ್ದರೆ ಮೇಷ್ಟ್ರಿಗೆ ತಿಳಿಸಬೇಕು. ಅದೂ ನಿಯಮವೇ. ತಿಳಿಸಿದೆ. ಅವಳ ಮೇಲಿನ ಕನಿಕರಕ್ಕಲ್ಲ. ಅವನ ಮುಖವಾಡ ಹರಿಯಲಿ ಅಂತ.

ಪ್ರೂಯಿಟ್ ಕನ್ನಡಕ ಒರೆಸಿದರು. ಬಹಳ ಹೊತ್ತು.

"ಒಳ್ಳೇದು ಮಾಡ್ದೆ ಸಿಸ್ಟರ್. ಇನ್ನು ನನಗೆ ಬಿಡು."

ಬಿಟ್ಟೆ.

ಅಕ್ಟೋಬರ್ 16

ಮಾರ್ಲಾ ಬಂದಿಲ್ಲ. ಖಾಲಿ ಕುರ್ಚಿ ನೋಡುತ್ತಾ ಕೂತೆ.

ಅಕ್ಟೋಬರ್ 23

ಬಂದಳು. ಬಲಗೈಯ ಎರಡು ಬೆರಳು ಸೇರಿಸಿ ಪಟ್ಟಿ ಕಟ್ಟಿದೆ.

"ಯಾರಿಗೆ ಹೇಳ್ದೆ?"

"ಮೇಷ್ಟ್ರಿಗೆ. ಹೇಳಲೇಬೇಕಿತ್ತು—"

"ಅವ್ರು ನಮ್ಮಿಬ್ಬರನ್ನೂ ಮನೆಗೆ ಕರೆದು ಆಪಲ್ ಪೈ ಕೊಟ್ಟರು. ಕೈ ಹಿಡ್ಕೊಂಡು ಪ್ರಾರ್ಥನೆ ಮಾಡಿ ಅಂದ್ರು. 'ರಾಯ್ಸ್, ನಿನ್ನ ಹೆಂಡ್ತಿ ಕ್ಲಾಸಲ್ಲಿ ಏನೇನೋ ಹೇಳಿದಾಳೆ' ಅಂದ್ರು. ಅವನು ಅತ್ತ. ಮನೆಗೆ ಹೋದ ಮೇಲೆ ಕಾರಿನ ಬಾಗಿಲು ಹಾಕ್ದ. ನನ್ನ ಕೈ ಅಲ್ಲೇ ಇತ್ತು."

ಪಟ್ಟಿ ಕಟ್ಟಿದ ಕೈಯನ್ನು ನನ್ನ ಮುಂದೆ ಚಾಚಿದಳು.

"ನಿನಗೆ ಬೇಕಾಗಿದ್ದೂ ಇದೇ ಅಲ್ವಾ?"

"ಹೌದು," ಅಂದೆ. "ಇದಲ್ಲ. ಆದ್ರೆ ಹೌದು."

ಉಗಿಯುತ್ತಾಳೆ ಅಂದುಕೊಂಡೆ. ಉಗಿಯಲಿಲ್ಲ. ಆಗ ನಿಯಮ ಮುರಿದೆ. "ಚಿವುಟೋದು ಎಡತೋಳನ್ನ, ಅಲ್ವಾ? ಯಾಕಂದ್ರೆ ಅವನು ಯಾವಾಗ್ಲೂ ಬೆಂಚಿನ ಎಡತುದಿಗೆ ಕೂರ್ತಾನೆ."

ನನ್ನನ್ನೇ ನೋಡಿದಳು.

"ಗೊತ್ತಿದ್ದೂ ನನಗೆ ಹೇಳ್ಲಿಲ್ಲ ನೀನು. ಮದುವೆಗೆ ಮುಂಚೆ."

"ನನ್ನ ಮನೆಯಿಂದ ನನ್ನ ಗಂಡನ್ನ ಕರ್ಕೊಂಡು ಹೋಗೋಳಿಗೆ ಎಚ್ಚರಿಕೆ ಹೇಳ್ಬೇಕಿತ್ತಾ?"

ಇಬ್ಬರೂ ಕಿರುಚುತ್ತಿದ್ದೆವು. ಪಕ್ಕದ ಜೋಡಿಗಳು ಕಷ್ಟ ಹೇಳುವುದನ್ನೇ ನಿಲ್ಲಿಸಿದ್ದರು.

ಅಕ್ಟೋಬರ್ 24

ಪ್ರೂಯಿಟ್ ರೂಮು.

"ಕೌನ್ಸೆಲಿಂಗ್ ಅಂದ್ರೆ ಮನೆ ಮುರಿಯೋದಲ್ಲ ಸಿಸ್ಟರ್."

"ಬೆರಳು ಮುರಿದಿದೆ ಸರ್."

"ಆಕಸ್ಮಿಕ ಅಂತ ರಾಯ್ಸ್ ಹೇಳಿದ."

"ಮಾರ್ಲಾ ಏನಂದ್ಳು?"

"ನಿನಗೆ ಹಳೇ ದ್ವೇಷ. ಅದಿರೋ ತನಕ ನೀನು ಈ ಕೆಲಸಕ್ಕೆ ಲಾಯಕ್ಕಲ್ಲ. ಇನ್ನೊಂದ್ಸಲ ಅವರ ವಿಷಯಕ್ಕೆ ಹೋದ್ರೆ ಡಿಗ್ರಿ ಮರೆತುಬಿಡು."

ದ್ವೇಷ ಇದೆ. ಯಾರು ಇಲ್ಲ ಅಂದರು? ಕಾರಿನಲ್ಲಿ ಕೂತು ಅವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಹಗುರಾಗಲಿಲ್ಲ.

ನವೆಂಬರ್ 3, ಭಾನುವಾರ, ಮಧ್ಯಾಹ್ನ

ಈಗಲೇ ಬರೆದುಬಿಡುತ್ತೇನೆ.

ಚರ್ಚಿಗೆ ಹೋದೆ. ಆ ಬೆಂಚಿಗೇ. ತುದಿಯಲ್ಲಿ ರಾಯ್ಸ್, ಪಕ್ಕದಲ್ಲಿ ಮಾರ್ಲಾ. ಅವನ ಮೊಣಕಾಲು ದಾಟಿ, ಇಬ್ಬರ ನಡುವೆ ತೂರಿಕೊಂಡು ಕೂತುಬಿಟ್ಟೆ. ಹಿಂದಿನ ಸಾಲಲ್ಲಿ ಗುಸುಗುಸು.

ಮುಂದೆ ನೋಡಿ ನಗುತ್ತಲೇ ರಾಯ್ಸ್ ಅಂದ, "ಎದ್ದು ಹೋಗು."

"ನನ್ನ ಬೆಂಚು."

ಪಾಸ್ಟರ್ ಎಲ್ಲರನ್ನೂ ಮೌನ ಪ್ರಾರ್ಥನೆಗೆ ಕರೆದರು. ತಲೆಗಳು ಬಗ್ಗಿದವು. ಅವನ ಕೈ ಬಂತು. ಅದೇ ಹೆಬ್ಬೆರಳು, ಅದೇ ಜಾಗ. ಅಭ್ಯಾಸಬಲ... ತುಟಿ ಕಚ್ಚಿದೆ. ಯಾಕೆ ಕಚ್ಚುತ್ತಿದ್ದೇನೆ ಅನ್ನಿಸಿತು.

"ರಾಯ್ಸ್! ಚಿವುಟಬೇಡ!"

ಇಡೀ ಚರ್ಚು ತಿರುಗಿತು. ಅವನು ಕೈ ಎಳೆದುಕೊಳ್ಳುವಷ್ಟರಲ್ಲಿ ಹಿಡಿದೆ. ಮೇಲೆತ್ತಿ ಹಿಡಿದೆ. "ಇದೇ ಕೈ. ನೋಡಿ."

"ಈ ಹೆಂಗಸಿಗೆ ತಲೆ ಕೆಟ್ಟಿದೆ," ಅಂದ. ದನಿ ಮಾತ್ರ ಒಡೆದಿತ್ತು.

ಪ್ರೂಯಿಟ್ ಎದ್ದರು. ಕೂರಿ ಅಂತ ಕೈಸನ್ನೆ ಮಾಡಿದರು. ಮಾರ್ಲಾ ಎದ್ದು ನಿಂತಳು. ಎಲ್ಲರ ಎದುರು ಅಂಗಿಯ ತೋಳು ಮೇಲಕ್ಕೆ ಸರಿಸಿದಳು. ಹಳದಿ, ಹಸಿರು, ನೇರಳೆ. ಒಬ್ಬ ಮುದುಕಿ ಮಾತ್ರ ಎದ್ದು ನಮಗೆ ದಾರಿ ಬಿಟ್ಟಳು.

ಕಾರಿನಲ್ಲಿ ಅವಳ ಮೊದಲ ಮಾತು: "ನಿನ್ನ ಕಾರು ನಾರುತ್ತೆ."

"ಇಳಿದು ನಡಿ ಹಾಗಾದ್ರೆ."

ಇಳಿಯಲಿಲ್ಲ.

ನಾಳೆ ಶೆರಿಫ್ ಕಚೇರಿಗೆ, ಪೊಲೀಸ್ ದೂರು ಕೊಡೋಕೆ. "ನಿನ್ನ ವಿಷಯಾನೂ ಹೇಳ್ತೀಯಾ?" ಕೇಳಿದಳು. ಹೇಳ್ತೀನಿ ಅಂದೆ. ಜೋರಾಗಿ ಅಂದುಬಿಟ್ಟೆ, ಹಿಂದೆ ಸರಿಯದಿರಲಿ ಅಂತ.

ಪ್ರೂಯಿಟ್ ಫೋನ್ ಮಾಡಿದ್ದರು. ಕ್ಲಾಸಿಗೆ ಬರಬೇಡವಂತೆ. ಆಗಲಿ ಸರ್ ಅನ್ನಲಿಲ್ಲ. ಬುಧವಾರ ಹೋಗುತ್ತೇನೆ. ತಡೆಯಲಿ.

ಮಾರ್ಲಾ ನನ್ನ ಅಡುಗೆಮನೆಯಲ್ಲಿ ಎಡಗೈಯಲ್ಲಿ ಮೊಟ್ಟೆ ಒಡೆಯುತ್ತಿದ್ದಾಳೆ, ಸಿಪ್ಪೆ ಸಮೇತ. ಇವಳನ್ನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ಕೂಗುತ್ತಿದ್ದಾಳೆ, ಉಪ್ಪು ಎಲ್ಲಿ ಅಂತ. ನನ್ನ ಗಂಡನನ್ನು ಹುಡುಕಿಕೊಂಡವಳಿಗೆ ಉಪ್ಪು ಹುಡುಕೋಕೆ ಆಗಲ್ವಂತೆ.